ಡಾಂಗಲ್ ಹಾಕಿದರೂ ರೂಟರಿಗೆ ನೆಟ್ ಬರ್ತಿಲ್ವಾ? ತುದಿಯಿಂದ ಶುರು ಮಾಡಿ

ಕೇಬಲ್ ಇಂಟರ್ನೆಟ್ ಕೈಕೊಟ್ಟ ದಿನವೇ ಡ್ರಾಯರಿನಲ್ಲಿ ಬಿದ್ದಿರುವ ಡಾಂಗಲ್, ಅಂದರೆ ಸಿಮ್ ಹಾಕಿ ಮೊಬೈಲ್ ನೆಟ್ ಬಳಸುವ ಯುಎಸ್‌ಬಿ ಕಡ್ಡಿ, ನೆನಪಾಗುವುದು. ರೂಟರ್ ಹಿಂದೆ ಯುಎಸ್‌ಬಿ ಪೋರ್ಟ್ ಇದೆ, ಸಿಮ್‌ನಲ್ಲಿ ಡೇಟಾ ಇದೆ, ಚುಚ್ಚಿದರೆ ಮುಗೀತಲ್ಲ ಅನ್ನಿಸುತ್ತದೆ. ಚುಚ್ಚುತ್ತೀರಿ. ದೀಪ ಮಿನುಗುತ್ತದೆ. ನೆಟ್ ಮಾತ್ರ ಬರುವುದಿಲ್ಲ.

ನಾನು ಮೊದಲ ಸಲ ಇದಕ್ಕೆ ಕೈ ಹಾಕಿದಾಗ ಇಡೀ ಸಂಜೆ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲೇ ಕೂತಿದ್ದೆ. ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ಜಾಲಕ್ಕೆ ಸೇರಲು ಕೊಡಬೇಕಾದ ಹೆಸರು) ಬದಲಿಸಿದೆ, ಡಯಲ್ ನಂಬರ್ ಬದಲಿಸಿದೆ, ಫ್ಯಾಕ್ಟರಿ ರೀಸೆಟ್ ಕೂಡ ಮಾಡಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಅದೇ ಪುಟದ ಮೂಲೆಯಲ್ಲಿದ್ದ ಒಂದು ಸಾಲು: ಯುಎಸ್‌ಬಿ ಸ್ಟೋರೇಜ್ ಸಿಕ್ಕಿದೆ. ಅಷ್ಟೂ ಹೊತ್ತು ರೂಟರ್ ನನ್ನ ಡಾಂಗಲ್ಲನ್ನು ಡಿಸ್ಕ್ ಅಂತಲೇ ತಿಳಿದಿತ್ತು. ಮೋಡೆಮ್ಮೇ ಕಾಣದಿರುವಾಗ ಎಪಿಎನ್ ಯಾವುದಿದ್ದರೇನು? ಅಂದಿನಿಂದ ನಾನು ಈ ಕೆಲಸವನ್ನು ಆ ಕಡೆಯ ತುದಿಯಿಂದ ಶುರು ಮಾಡುತ್ತೇನೆ. ಮೊದಲು ಸಿಮ್, ಆಮೇಲೆ ಡಾಂಗಲ್, ಆಮೇಲೆ ಅದಕ್ಕೆ ಸಿಗುವ ಕರೆಂಟು, ರೂಟರಿನ ಸೆಟ್ಟಿಂಗ್ಸ್ ಎಲ್ಲಕ್ಕಿಂತ ಕೊನೆಗೆ. ಒಂದು ಸರಿಯಿದೆ ಅಂತ ಖಾತ್ರಿಯಾಗುವವರೆಗೆ ಮುಂದಿನದನ್ನು ಮುಟ್ಟುವುದಿಲ್ಲ.

ಸಿಮ್ ಮೊದಲು ಫೋನಿಗೆ

ಡಾಂಗಲ್‌ಗೆ ಹಾಕಬೇಕಾದ ಸಿಮ್ಮನ್ನು ಮೊದಲು ಫೋನಿಗೆ ಹಾಕಿ. ವೈಫೈ ಆಫ್ ಮಾಡಿ ಒಂದು ಪುಟ ತೆರೆದು ನೋಡಿ. ತೆರೆಯಿತಾ? ಹಾಗಾದರೆ ಸಿಮ್ ಜೀವಂತ ಇದೆ, ಡೇಟಾ ಇದೆ. ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಎಪಿಎನ್ ಅಂತ ಒಂದು ಹೆಸರು ಇರುತ್ತದೆ, ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಸಿಮ್‌ಗೆ ಪಿನ್ ಲಾಕ್ ಇದ್ದರೆ ಫೋನಿನಲ್ಲೇ ತೆಗೆದುಬಿಡಿ. ರೂಟರಿನಲ್ಲಿ ಪಿನ್ ಹಾಕುವ ಜಾಗ ಇದ್ದರೂ ನಾನು ಅದನ್ನು ನಂಬುವುದಿಲ್ಲ, ಯಾಕೆಂದರೆ ತಪ್ಪು ಪಿನ್ ತುಂಬಿಸಿಟ್ಟರೆ ರೂಟರ್ ತಾನೇ ಮತ್ತೆ ಮತ್ತೆ ಅದನ್ನೇ ಕೊಡಬಹುದು. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ (ಲಾಕ್ ಬಿಡಿಸಲು ಕಂಪನಿ ಕೊಡುವ ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಎಸೆಯಬೇಕಾಗುತ್ತದೆ.

ಆಮೇಲೆ ಸಿಮ್ಮನ್ನು ಡಾಂಗಲ್‌ಗೆ ಹಾಕಿ, ಡಾಂಗಲ್ಲನ್ನು ಲ್ಯಾಪ್‌ಟಾಪ್‌ಗೆ ಹಾಕಿ. ರೂಟರಿಗೆ ಅಲ್ಲ, ಇನ್ನೂ ಅಲ್ಲ. ಇಲ್ಲಿ ನೆಟ್ ಬರದಿದ್ದರೆ ರೂಟರಿನಲ್ಲೂ ಬರುವುದಿಲ್ಲ. ಕಾರಣ ಹೆಚ್ಚಾಗಿ ಈ ಮೂರರಲ್ಲಿ ಒಂದು. ಡಾಂಗಲ್ ಬರೀ 3ಜಿಯದ್ದಿರಬಹುದು, ಹಲವು ದೇಶಗಳಲ್ಲಿ 3ಜಿ ನೆಟ್‌ವರ್ಕ್ ಮುಚ್ಚಿಯೇ ಹೋಗಿದೆ. ಅಥವಾ ಅದು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಹುದು. ಅಥವಾ ಅದು 4ಜಿ ಆಗಿದ್ದರೂ ನಿಮ್ಮ ಕಂಪನಿ ಬಳಸುವ ಬ್ಯಾಂಡ್ (ರೇಡಿಯೊ ಆವರ್ತನದ ಪಟ್ಟಿ) ಅದರಲ್ಲಿ ಇಲ್ಲದಿರಬಹುದು. ಒಂದೇ ಮಾದರಿಯ ಡಾಂಗಲ್ ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ಬ್ಯಾಂಡ್ ಹೊತ್ತು ಬರುತ್ತದೆ, ಹಾಗಾಗಿ ಹೆಸರು ನೋಡಿದರೆ ಸಾಲದು, ಮೈಮೇಲೆ ಅಂಟಿಸಿದ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆ ನೋಡಬೇಕು.

ನಿಮ್ಮದು ಯಾವ ಜಾತಿಯ ಡಾಂಗಲ್?

ಇದೇ ಇಡೀ ವಿಷಯದ ತಿರುಳು. ಹೊರಗಿನಿಂದ ಒಂದೇ ಥರ ಕಾಣುವ ಡಾಂಗಲ್‌ಗಳಲ್ಲಿ ಎರಡು ಜಾತಿ ಇದೆ, ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಸುತಾರಾಂ ಹೊಂದುವುದಿಲ್ಲ.

ಮೊದಲನೆಯದು ಅಪ್ಪಟ ಮೋಡೆಮ್. ತಾನಾಗಿ ಏನೂ ಮಾಡುವುದಿಲ್ಲ, ಕನೆಕ್ಟ್ ಆಗು ಅಂತ ರೂಟರ್ ಹೇಳಬೇಕು. ಹಳೆಯವು ಹಿಂದಿನ ಟೆಲಿಫೋನ್ ಮೋಡೆಮ್ ಥರವೇ *99# ಡಯಲ್ ಮಾಡಿ ಪಿಪಿಪಿ ಅನ್ನುವ ಹಳೆಯ ವಿಧಾನದ ಮೂಲಕ ಕನೆಕ್ಟ್ ಆಗುತ್ತವೆ. ಆಮೇಲೆ ಬಂದವು ಕ್ಯೂಎಂಐ, ಎಂಬಿಐಎಂ, ಎನ್‌ಸಿಎಂ ಅನ್ನುವ ಬೇರೆ ಬೇರೆ ಭಾಷೆ ಮಾತಾಡುತ್ತವೆ. ಡಾಂಗಲ್ ಯಾವ ಭಾಷೆ ಆಡುತ್ತದೋ ಅದು ರೂಟರಿಗೂ ಬರಬೇಕು.

ಎರಡನೆಯದು ತಾನೇ ಒಂದು ಪುಟ್ಟ ರೂಟರ್. ಹುವಾವೇ ಇದಕ್ಕೆ ಹೈಲಿಂಕ್ ಅಂತ ಹೆಸರಿಟ್ಟಿದೆ. ಕರೆಂಟ್ ಸಿಕ್ಕರೆ ಸಾಕು, ಅದೇ ನೆಟ್‌ವರ್ಕಿಗೆ ಸೇರಿಕೊಂಡು, ಅದೇ ಐಪಿ ವಿಳಾಸ ಹಂಚುತ್ತದೆ. ನಿಮ್ಮ ರೂಟರಿನ ಕಣ್ಣಿಗೆ ಅದು ಮೋಡೆಮ್ಮೇ ಅಲ್ಲ, ಇನ್ನೊಂದು ನೆಟ್‌ವರ್ಕ್ ಕಾರ್ಡ್ ಅಷ್ಟೇ. ಇದರಲ್ಲಿ ಎಪಿಎನ್ ತುಂಬುವುದು ಡಾಂಗಲ್‌ನ ಸ್ವಂತ ಪುಟದಲ್ಲಿ, ರೂಟರಿನಲ್ಲಿ ಅಲ್ಲ.

ಗುರುತು ಹಿಡಿಯುವುದು ಸುಲಭ. ಲ್ಯಾಪ್‌ಟಾಪ್‌ಗೆ ಹಾಕಿದಾಗ, ಬೇರೆ ಯಾವ ಸಾಫ್ಟ್‌ವೇರಿನ ಕನೆಕ್ಟ್ ಬಟನ್ ಒತ್ತದೆ, ಬ್ರೌಸರಿನಲ್ಲಿ 192.168.8.1 ಅಥವಾ 192.168.0.1 ಹೊಡೆದರೆ ಡಾಂಗಲ್‌ನದೇ ಪುಟ ತೆರೆಯುತ್ತದಾ? ತೆರೆದರೆ ಎರಡನೇ ಜಾತಿ. ಈ ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪಿನ ವೈಫೈ ಆಫ್ ಇರಲಿ, ಇಲ್ಲದಿದ್ದರೆ ಮನೆಯ ರೂಟರಿನ ಪುಟವೇ ತೆರೆದು ಗೊಂದಲವಾಗುತ್ತದೆ. ಮಾದರಿಯ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಹುವಾವೇ ಇ3372 ಅನ್ನುವ ಒಂದೇ ಹೆಸರಿನಲ್ಲಿ ಎರಡೂ ಜಾತಿ ಬಂದಿವೆ.

ಡಿಸ್ಕ್ ವೇಷ

ಇನ್ನು ನನ್ನ ಒಂದು ಸಂಜೆ ತಿಂದ ತೊಂದರೆಗೆ ಬರೋಣ. ಡಾಂಗಲ್ ತಯಾರಿಸುವವರು ವಿಂಡೋಸ್‌ನ ಡ್ರೈವರ್ ಫೈಲುಗಳನ್ನು ಡಾಂಗಲ್ ಒಳಗೇ ಇಟ್ಟಿರುತ್ತಾರೆ. ಚುಚ್ಚಿದ ತಕ್ಷಣ ಅದು ಸಿಡಿ ಥರ ಕಾಣಿಸಿಕೊಳ್ಳುತ್ತದೆ, ಡ್ರೈವರ್ ಇನ್‌ಸ್ಟಾಲ್ ಆಗುತ್ತದೆ, ಆಮೇಲೆ ಆ ಡ್ರೈವರ್ ಹೇಳಿದ ಮೇಲಷ್ಟೇ ಅದು ಮೋಡೆಮ್ ಆಗಿ ಬದಲಾಗುತ್ತದೆ. ರೂಟರಿನಲ್ಲಿ ಹೀಗೆ ಹೇಳುವವರು ಯಾರೂ ಇಲ್ಲದಿದ್ದರೆ ಅದು ಸಿಡಿಯಾಗಿಯೇ ಕೂತಿರುತ್ತದೆ.

ಓಪನ್‌ಡಬ್ಲ್ಯುಆರ್‌ಟಿ (ರೂಟರಿನ ಮೂಲ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳಬಹುದಾದ ಉಚಿತ ಸಾಫ್ಟ್‌ವೇರ್) ಹಾಕಿದ ರೂಟರ್ ಆದರೆ, ಅದು ನಡೆದದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಈ ಬದಲಾವಣೆಯನ್ನು ಕಣ್ಣಾರೆ ನೋಡಬಹುದು. ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ಭಾಗದ ಒಂದು ಐಡಿ ಇರುತ್ತದೆ. ಹುವಾವೇ ಹೈಲಿಂಕ್ ಇ3372 ಚುಚ್ಚಿದಾಗ ಮೊದಲು 12ಡಿ1:1ಎಫ್01 (12d1:1f01) ಅಂತ ಕಾಣುತ್ತದೆ. ಅದು ಡಿಸ್ಕ್ ವೇಷ. ಯುಎಸ್‌ಬಿ-ಮೋಡ್‌ಸ್ವಿಚ್ ಅನ್ನುವ ಪುಟ್ಟ ಪ್ರೋಗ್ರಾಂ ಇದ್ದರೆ ಸ್ವಲ್ಪ ಹೊತ್ತಿಗೆ ಆ ಸಾಧನ ಮಾಯವಾಗಿ 12ಡಿ1:14ಡಿಸಿ (12d1:14dc) ಅಂತ ಮತ್ತೆ ಹುಟ್ಟುತ್ತದೆ. ಅದೇ ಡಾಂಗಲ್, ಅದೇ ಪೋರ್ಟ್, ಈಗ ನೆಟ್‌ವರ್ಕ್ ಕಾರ್ಡ್. ಲಾಗ್‌ನಲ್ಲಿ ಈ ಎರಡನೇ ಸಾಲು ಬಂದಿದ್ದು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಬರದಿದ್ದರೆ ಇಲ್ಲೇ ನಿಲ್ಲಿ, ಮುಂದೆ ಹೋಗಿ ಪ್ರಯೋಜನವಿಲ್ಲ. ಕಂಪನಿಯ ಫರ್ಮ್‌ವೇರ್ (ರೂಟರ್ ಒಳಗಿನ ಮೂಲ ಸಾಫ್ಟ್‌ವೇರ್) ಇರುವ ರೂಟರ್ ಆದರೆ ಈ ಕೆಲಸ ಅದೇ ಮಾಡಿಕೊಳ್ಳಬೇಕು. ಮಾಡದಿದ್ದರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಅದಕ್ಕೂ ಮುಂಚೆ ಆ ಪೋರ್ಟ್ ಪ್ರಿಂಟರ್ ಮತ್ತು ಡಿಸ್ಕಿಗೆ ಮಾತ್ರ ಇರುವುದಾ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಾಗಿದ್ದರೆ ಯಾವ ಸೆಟ್ಟಿಂಗೂ ಅದನ್ನು ಬದಲಿಸುವುದಿಲ್ಲ.

ಇಲ್ಲಿ ಒಂದು ಉಪಾಯ ಇದೆ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಅದೇ ಪೋರ್ಟಿಗೆ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನಿಂದ ನೆಟ್ ಬಂದರೆ ಪೋರ್ಟ್ ಸರಿಯಿದೆ, ಗಮನ ಪೂರ್ತಿ ಡಾಂಗಲ್ ಮೇಲಿಡಬಹುದು.

ಕರೆಂಟು ಸಾಲದ ಡಾಂಗಲ್

ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡಬೇಕು, 3.0 ಪೋರ್ಟ್ 900. ಬರೆದಿರುವುದು ಹಾಗೆ. ಆದರೆ ರೂಟರಿನ ಅಡಾಪ್ಟರ್ ಚಿಕ್ಕದಿದ್ದರೆ, ಅದು ಹಳೆಯದಾಗಿದ್ದರೆ, ಅಷ್ಟು ಸಿಗುವುದಿಲ್ಲ. ಡಾಂಗಲ್ ಬೇರೆ ಸಮಯದಲ್ಲಿ ಸುಮ್ನೆ ಇರುತ್ತದೆ, ಟವರ್ ದೂರ ಇದ್ದು ಸಿಗ್ನಲ್ ಕಡಿಮೆ ಇದ್ದಾಗ ಜೋರಾಗಿ ಕೂಗಿ ಮಾತಾಡಬೇಕಲ್ಲ, ಆಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಹಾಗಾಗಿಯೇ ಈ ತೊಂದರೆ ಮೋಸ ಮಾಡುತ್ತದೆ. ಪುಟಗಳು ತೆರೆಯುತ್ತವೆ, ಎಲ್ಲ ಸರಿಯಾಯ್ತು ಅಂದುಕೊಳ್ಳುತ್ತೀರಿ, ವಿಡಿಯೊ ಕಾಲ್ ಶುರು ಮಾಡಿ ಎರಡು ನಿಮಿಷಕ್ಕೆ ಕಟ್. ಲಾಗ್ ತೆಗೆದು ನೋಡಿದರೆ ಯುಎಸ್‌ಬಿ ಸಾಧನ ಹೋಯಿತು, ಬಂತು, ಹೋಯಿತು, ಬಂತು ಅಂತ ಸಾಲು ಸಾಲು. ಇದು ಕಂಡರೆ ನೆಟ್‌ವರ್ಕ್ ಕಂಪನಿಗೆ ಫೋನ್ ಮಾಡಬೇಡಿ, ತಪ್ಪು ಅಲ್ಲಿಲ್ಲ.

ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದು ರೂಟರ್ ಮತ್ತು ಡಾಂಗಲ್ ನಡುವೆ ಹಾಕಿ. ಒಳ್ಳೆಯ ಹಬ್ಬೇ ತನ್ನಿ. ಕೆಲವು ಹಬ್‌ಗಳು ಕರೆಂಟನ್ನು ಹಿಂದಕ್ಕೆ ರೂಟರಿನೊಳಗೂ ತಳ್ಳುತ್ತವೆ, ರೂಟರಿನ ಸ್ವಿಚ್ ಆಫ್ ಮಾಡಿದರೂ ಅದರ ದೀಪ ಮಂಕಾಗಿ ಉರಿಯುತ್ತಿದ್ದರೆ ಅದೇ ಕಾರಣ, ಅಂಥದ್ದನ್ನು ಇಟ್ಟುಕೊಳ್ಳಬೇಡಿ. ಎಕ್ಸ್‌ಟೆನ್ಷನ್ ಕೇಬಲ್ ಹಾಕುವುದಾದರೆ ಗಿಡ್ಡ, ದಪ್ಪ ಕೇಬಲ್ ಹಾಕಿ. ಉದ್ದನೆಯ ತೆಳು ಕೇಬಲ್ಲಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗುತ್ತದೆ.

ಕೇಬಲ್ ಯಾಕೆ ಬೇಕು ಅಂದರೆ, ಡಾಂಗಲ್ ರೂಟರಿನ ಬೆನ್ನಿಗೇ ಅಂಟಿಕೊಂಡಿರುವುದು ಒಳ್ಳೆಯದಲ್ಲ. ಬಿಸಿ ಒಂದು ಕಾರಣ. ಇನ್ನೊಂದು, ಯುಎಸ್‌ಬಿ 3.0 ವೇಗದಲ್ಲಿ ಓಡುವ ಪೋರ್ಟಿನಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಹೊರಡುತ್ತದೆ, ಇದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿತ್ತು. ಡಾಂಗಲ್ ಹಾಕಿದ ಮೇಲೆ ಮನೆಯ ವೈಫೈ ಕುಂಟತೊಡಗಿದರೆ ಇದನ್ನು ನೆನಪಿಟ್ಟುಕೊಳ್ಳಿ. ಪೋರ್ಟನ್ನು 2.0 ವೇಗಕ್ಕೆ ಇಳಿಸುವ ಆಯ್ಕೆ ಕೆಲವು ರೂಟರ್‌ಗಳಲ್ಲಿ ಇದೆ, ಇಳಿಸಿಬಿಡಿ. ಮಾಮೂಲಿ 4ಜಿ ಡಾಂಗಲ್‌ಗೆ 2.0 ಧಾರಾಳ ಸಾಕು.

ಈಗ ರೂಟರ್

ಮೊದಲನೇ ಜಾತಿಯದ್ದಾದರೆ ರೂಟರಿನಲ್ಲಿ ವ್ಯಾನ್ (WAN, ಹೊರಗಿನ ನೆಟ್‌ವರ್ಕ್) ಅಥವಾ ಇಂಟರ್ನೆಟ್ ಪುಟಕ್ಕೆ ಹೋಗಿ ಯುಎಸ್‌ಬಿ ಮೋಡೆಮ್ ಆರಿಸಿ, ಬರೆದುಕೊಂಡ ಎಪಿಎನ್ ತುಂಬಿ. ಡಯಲ್ ನಂಬರ್ ಕೇಳಿದರೆ *99#. ಯೂಸರ್‌ನೇಮ್, ಪಾಸ್‌ವರ್ಡ್ ಫೋನಿನಲ್ಲಿ ಖಾಲಿ ಇದ್ದರೆ ಇಲ್ಲೂ ಖಾಲಿ ಬಿಡಿ. ಓಪನ್‌ಡಬ್ಲ್ಯುಆರ್‌ಟಿ ಆದರೆ ಆಯಾ ಭಾಷೆಯ ಪ್ಯಾಕೇಜ್ ಹಾಕಬೇಕು, ಕ್ಯೂಎಂಐಗೆ ಒಂದು, ಎಂಬಿಐಎಂಗೆ ಇನ್ನೊಂದು. ಈ ಪ್ಯಾಕೇಜ್‌ಗಳನ್ನು ಕೇಬಲ್ ನೆಟ್ ಚೆನ್ನಾಗಿರುವಾಗಲೇ ಇಳಿಸಿಡಿ. ನೆಟ್ ಇಲ್ಲದ ದಿನ ನೆಟ್ ತರಿಸುವ ಪ್ಯಾಕೇಜ್ ಇಳಿಸಲು ಆಗುವುದಿಲ್ಲ ಅಲ್ವಾ.

ಎರಡನೇ ಜಾತಿಯದ್ದಾದರೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೊಸ ಇಂಟರ್‌ಫೇಸ್ ಮಾಡಿ, ಡಿಎಚ್‌ಸಿಪಿ ಕ್ಲೈಂಟ್ (ಐಪಿ ವಿಳಾಸವನ್ನು ತಾನಾಗಿ ಕೇಳಿ ಪಡೆಯುವ ವಿಧಾನ) ಅಂತ ಇಡಿ, ಹೊಸದಾಗಿ ಕಾಣಿಸಿಕೊಂಡ ಸಾಧನವನ್ನು ಆರಿಸಿ. ಅದನ್ನು ಫೈರ್‌ವಾಲ್‌ನಲ್ಲಿ ವ್ಯಾನ್ ಗುಂಪಿಗೆ ಸೇರಿಸಬೇಕು. ತುಂಬಾ ಜನ ಎಡವುವುದು ಇಲ್ಲೇ. ಸೇರಿಸದಿದ್ದರೆ ರೂಟರಿಗೆ ನೆಟ್ ಇರುತ್ತದೆ, ಅದಕ್ಕೆ ಜೋಡಿಸಿದ ಫೋನು, ಲ್ಯಾಪ್‌ಟಾಪ್ ಯಾವುದಕ್ಕೂ ಇರುವುದಿಲ್ಲ.

ಐಪಿ ಡಿಕ್ಕಿಯೂ ಇದೇ ಜಾತಿಯದ್ದು. ಡಾಂಗಲ್ 192.168.8.1 ಅಂತ ಕೂತಿದ್ದು, ನಿಮ್ಮ ರೂಟರಿನ ವಿಳಾಸವೂ ಅದೇ ಆಗಿದ್ದರೆ ರೂಟರಿಗೆ ಯಾವ ಕಡೆ ಕಳಿಸಬೇಕು ಅಂತ ತಿಳಿಯುವುದಿಲ್ಲ. ಜಿಎಲ್‌ ಐನೆಟ್ ರೂಟರ್‌ಗಳ ಮೂಲ ವಿಳಾಸ ಮತ್ತು ಹೈಲಿಂಕ್ ಡಾಂಗಲ್‌ಗಳ ಮೂಲ ವಿಳಾಸ ಎರಡೂ ಸಾಮಾನ್ಯವಾಗಿ 192.168.8.1 ಆಗಿರುವುದರಿಂದ ಆ ಜೋಡಿಯಲ್ಲಿ ಇದನ್ನು ಮೊದಲು ನೋಡಿಕೊಳ್ಳಿ. ರೂಟರಿನ ವಿಳಾಸವನ್ನು 192.168.50.1 ಥರ ಬೇರೆ ಏನಾದರೂ ಮಾಡಿದರೆ ಮುಗಿಯಿತು.

ಈಗ ಒಂದು ಲ್ಯಾಪ್‌ಟಾಪಿನಿಂದ 8.8.8.8ಕ್ಕೆ (ಗೂಗಲ್ ಸರ್ವರಿನ ವಿಳಾಸ) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಅಂತ ಸಣ್ಣ ಸಂದೇಶ ಕಳಿಸಿ ನೋಡಿ. ಉತ್ತರ ಬಂದರೂ ವೆಬ್‌ಸೈಟ್ ಹೆಸರು ಹೊಡೆದರೆ ಏನೂ ತೆರೆಯದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ತಪ್ಪಿದೆ. ಕೆಲವು ಸೈಟ್ ತೆರೆದು ಕೆಲವು ಸುಮ್ನೆ ಸುತ್ತುತ್ತಾ ಕೂತರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) ಸಂಖ್ಯೆಯನ್ನು 1500ರಿಂದ 1400ಕ್ಕೆ ಇಳಿಸಿ ನೋಡಿ.

ಸಿಗ್ನಲ್ ಕಡ್ಡಿ ನಂಬಬೇಡಿ

ಡಾಂಗಲ್ ಅಥವಾ ರೂಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಅಂತ ಎರಡು ಸಂಖ್ಯೆ ಹುಡುಕಿ. ಮೊದಲನೆಯದು ಸಿಗ್ನಲ್ ಎಷ್ಟು ಜೋರಿದೆ ಅಂತ ಹೇಳುತ್ತದೆ: −80 ಅಂದರೆ ತುಂಬಾ ಚೆನ್ನ, −100 ಅಂದರೆ ನಡೆಯುತ್ತದೆ, −110 ದಾಟಿದರೆ ಕಷ್ಟ. ಎರಡನೆಯದು ಸಿಗ್ನಲ್ ಎಷ್ಟು ಶುದ್ಧ ಇದೆ ಅಂತ: 20ರ ಮೇಲಿದ್ದರೆ ಅತಿ ಒಳ್ಳೆಯದು, ಸೊನ್ನೆ ಹತ್ತಿರ ಬಂದರೆ ಕಡ್ಡಿ ತುಂಬಿದ್ದರೂ ನೆಟ್ ತೆವಳುತ್ತದೆ. ನಾನು ಎರಡನೆಯದನ್ನೇ ಜಾಸ್ತಿ ನೋಡುತ್ತೇನೆ. ಡಾಂಗಲ್ಲನ್ನು ಕೇಬಲ್ಲಿನ ತುದಿಯಲ್ಲಿ ಹಿಡಿದು ಒಂದು ಜಾಗದಲ್ಲಿಟ್ಟು, ಒಂದೆರಡು ನಿಮಿಷ ಬಿಟ್ಟು ಸಂಖ್ಯೆ ಓದಿ, ಇನ್ನೊಂದು ಜಾಗಕ್ಕೆ ಹೋಗಿ. ಟಿವಿ ಹಿಂದಿನಿಂದ ಕಿಟಕಿಯ ಅಂಚಿಗೆ ತಂದರೆ ಎಷ್ಟು ಬದಲಾಗುತ್ತದೆ ಅಂತ ನೀವೇ ನೋಡಿ. ಹೊರಗಿನ ಆಂಟೆನಾ ಕೊಳ್ಳುವ ಮುಂಚೆ ಡಾಂಗಲ್‌ನಲ್ಲಿರುವುದು ಟಿಎಸ್9 ತೂತಾ, ಸಿಆರ್‌ಸಿ9 ತೂತಾ ಅಂತ ತಿಳಿದುಕೊಳ್ಳಿ. ನೋಡಲು ಹೆಚ್ಚುಕಡಿಮೆ ಒಂದೇ, ಒಂದಕ್ಕೊಂದು ಹೊಂದುವುದಿಲ್ಲ.

ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕು ಅಂತ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ಮನೆಯೊಳಗಿನ ಸಾಧನಕ್ಕೆ ಕಳಿಸುವ ಸೆಟ್ಟಿಂಗ್) ಮಾಡುವವರಿಗೆ ಒಂದು ಮಾತು. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ನಿಮ್ಮ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದು ಇದಕ್ಕೆಂದೇ ಮೀಸಲಿಟ್ಟದ್ದು, ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ರೂಟರಿನಿಂದಲೇ ಹೊರಗೆ ಹೋಗುವ ವಿಪಿಎನ್ ಬೇಕಾಗುತ್ತದೆ.

ಡಾಂಗಲ್ ಬರೀ ಬ್ಯಾಕಪ್‌ಗೆ ಅಂತಿದ್ದರೆ ಫೇಲ್‌ಓವರ್ (ಒಂದು ನೆಟ್ ಹೋದರೆ ಇನ್ನೊಂದಕ್ಕೆ ತಾನಾಗಿ ಬದಲಾಗುವ ಆಯ್ಕೆ) ಆನ್ ಮಾಡಿ. ಅದರಲ್ಲಿ ಕೇಬಲ್ ಜೋಡಣೆ ಇದೆಯಾ ಅಂತ ಮಾತ್ರ ನೋಡುವ ಆಯ್ಕೆ ಬೇಡ, ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಮಾಡಿ ನೋಡುವ ಆಯ್ಕೆ ಬೇಕು. ಕೇಬಲ್ ಮೋಡೆಮ್ ಬದುಕಿದ್ದು, ಅದರಾಚೆ ಲೈನ್ ಸತ್ತಿರುವುದೇ ಜಾಸ್ತಿ.

ಎಲ್ಲ ಆದ ಮೇಲೆ ರೂಟರಿನ ಪ್ಲಗ್ ಕೀಳಿ. ಹಬ್ ಇದ್ದರೆ ಅದರದ್ದೂ ಕೀಳಿ, ಯಾಕೆಂದರೆ ಬರೀ ರೀಸ್ಟಾರ್ಟ್ ಬಟನ್ ಒತ್ತಿದರೆ ಡಾಂಗಲ್‌ಗೆ ಸಿಗುವ ಕರೆಂಟ್ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ, ನಿಜವಾಗಿ ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಏನನ್ನೂ ಮುಟ್ಟದೆ ಐದು ನಿಮಿಷ ಕಾಯಿರಿ. ನೆಟ್ ತಾನಾಗಿ ಬಂದರೆ ರೂಟರನ್ನು ಅದರ ಜಾಗದಲ್ಲಿಡಿ. ಬರದಿದ್ದರೆ ಲಾಗ್ ತೆರೆಯಿರಿ, ಆ ಐಡಿ ಈ ಸಲವೂ ಬದಲಾಯಿತಾ ಅಂತ ಮೊದಲು ನೋಡಿ.