ಬದ್ಧ ಕೋನಾಸನ: ಮಂಡಿ ಒತ್ತಬೇಡಿ, ಕಂಬಳಿ ಹಾಕಿಕೊಳ್ಳಿ

ಬದ್ಧ ಕೋನಾಸನ ನೋಡೋಕೆ ಸುಲಭ. ಎರಡೂ ಅಂಗಾಲು ಜೋಡಿಸಿ, ಹಿಮ್ಮಡಿಗಳನ್ನು ತೊಡೆಸಂದಿನ ಕಡೆ ಎಳೆದುಕೊಂಡು, ಮಂಡಿಗಳನ್ನು ಎರಡೂ ಪಕ್ಕಕ್ಕೆ ಬಿಟ್ಟು ನೆಟ್ಟಗೆ ಕೂರಬೇಕು, ಅಷ್ಟೇ. ಆದರೆ ದಿನವಿಡೀ ಆಫೀಸ್ ಕುರ್ಚಿಯಲ್ಲಿ ಕೂರುವ ನನಗೆ ಮಂಡಿಗಳು ಎದೆಯ ಹತ್ತಿರವೇ ನಿಲ್ಲುತ್ತಿದ್ದವು. ಬೆನ್ನು ಗೂನಾಗುತ್ತಿತ್ತು.

ನನಗೆ ದಾರಿ ಮಾಡಿಕೊಟ್ಟದ್ದು ಮನೆಯಲ್ಲಿದ್ದ ದಪ್ಪ ಕಂಬಳಿ. ಸೊಂಟ, ತೊಡೆ ಬಿಗಿಯಾಗಿದ್ದರೆ ನೆಲದ ಮೇಲೆ ಕೂತಾಗ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ. ಆಗ ಎಷ್ಟೇ ಪ್ರಯತ್ನಪಟ್ಟರೂ ಬೆನ್ನು ನೆಟ್ಟಗಾಗಲ್ಲ. ಕಂಬಳಿ ಮಡಿಸಿ ಅದರ ಅಂಚಿನ ಮೇಲೆ ಕೂತರೆ ಸೊಂಟ ತಾನಾಗಿ ಮುಂದಕ್ಕೆ ಬಾಗುತ್ತದೆ, ತೊಡೆಗಳಿಗೆ ಕೆಳಗಿಳಿಯಲು ಜಾಗ ಸಿಗುತ್ತದೆ. ಎಷ್ಟು ಎತ್ತರ ಬೇಕು? ಸೊಂಟದ ಹಿಂದೆ ಅಂಗೈ ಇಟ್ಟು ನೋಡಿ. ಅಲ್ಲಿ ಬೆನ್ನು ಹೊರಕ್ಕೆ ಉಬ್ಬಿದ್ದರೆ ಇನ್ನೊಂದು ಮಡಿಕೆ ಹಾಕಿ. ಇದರಲ್ಲಿ ಸಂಕೋಚ ಏಕೆ? ಹೀಗೆ ಕಂಬಳಿ, ಬೆಲ್ಟು, ಮರದ ಇಟ್ಟಿಗೆ ಬಳಸಿ ಆಸನ ಕಲಿಸುವುದನ್ನು ಜಗತ್ತಿಗೆಲ್ಲ ಹಬ್ಬಿಸಿದವರೇ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಅವರು 1918ರಲ್ಲಿ ಹುಟ್ಟಿದ್ದು ಬೆಳ್ಳೂರಿನಲ್ಲಿ. ನಮ್ಮ ಚಿಕ್ಕಮಗಳೂರಿನ ಪಕ್ಕದ ಬೇಲೂರಲ್ಲ, ಕೋಲಾರದ ಕಡೆಯ ಬೆಳ್ಳೂರು.

ಇನ್ನು ಮಂಡಿಯ ವಿಷಯ. ದಯವಿಟ್ಟು ಕೈಯಿಂದ ಒತ್ತಬೇಡಿ, ಬೇರೆಯವರಿಗೂ ಒತ್ತಲು ಬಿಡಬೇಡಿ. ಮಂಡಿ ಬಾಗಿಲ ಕೀಲಿನ ಹಾಗೆ, ಮುಖ್ಯವಾಗಿ ಮಡಚಿ ಬಿಡಿಸಲು ಇರುವಂಥದ್ದು. ಎಲ್ಲ ಕಡೆ ತಿರುಗುವುದು ಸೊಂಟದ ಕೀಲು. ಅದು ತೆರೆಯದೆ ಮಂಡಿ ಒತ್ತಿದರೆ ಆ ಭಾರವೆಲ್ಲ ಮಂಡಿಯ ಒಳಬದಿಗೆ ಬೀಳುತ್ತದೆ. ತೊಡೆಯ ಒಳಭಾಗದಲ್ಲಿ ಎಳೆತ ಬಂದರೆ ಸರಿ. ಮಂಡಿಯಲ್ಲಿ ನೋವು ಬಂದರೆ ಕೂಡಲೇ ಹಿಮ್ಮಡಿಯನ್ನು ದೂರ ಸರಿಸಿ. ಹಾಗೂ ಹೋಗದಿದ್ದರೆ ನಿಲ್ಲಿಸಿ.

ನಾನು ಎರಡೂ ತೊಡೆಗಳ ಕೆಳಗೆ ದಿಂಬು ಇಟ್ಟುಕೊಳ್ಳುತ್ತೇನೆ. ಆಸರೆ ಸಿಕ್ಕಾಗ ಸ್ನಾಯು ಬಿಗಿ ಬಿಡುತ್ತದೆ. ಆಮೇಲೆ ಮಂಡಿಯ ಮೇಲ್ಭಾಗದಲ್ಲಿ ತೊಡೆಯ ಮೇಲೆ ಕೈ ಇಟ್ಟು, ತೊಡೆಯಿಂದ ಕೈಯನ್ನು ಮೇಲಕ್ಕೆ ಮೆಲ್ಲಗೆ ಒತ್ತುತ್ತೇನೆ. ಕೈ ಸುಮ್ನೆ ತಡೆದು ನಿಲ್ಲುತ್ತದೆ. ಐದು ಸೆಕೆಂಡ್ ಆದ ಮೇಲೆ ಉಸಿರು ಬಿಡುತ್ತಾ ಸಡಿಲ ಬಿಟ್ಟರೆ ತೊಡೆ ತಾನೇ ಸ್ವಲ್ಪ ಕೆಳಗಿಳಿಯುತ್ತದೆ. ಮೂರು ನಾಲ್ಕು ಸಲ ಸಾಕು. ಚಿಟ್ಟೆಯ ರೆಕ್ಕೆ ಅಂತ ಮಂಡಿಯನ್ನು ಪಟಪಟ ಬಡಿಯುವುದಕ್ಕಿಂತ ನನಗೆ ಇದರಿಂದಲೇ ಜಾಸ್ತಿ ಉಪಯೋಗವಾಗಿದೆ.

ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಎದ್ದ ತಕ್ಷಣ ಇದನ್ನು ಮಾಡಬೇಡಿ. ಮೈ ಮರಗಟ್ಟಿರುತ್ತದೆ. ನಾನು ಸಂಜೆ ಒಂದು ಸುತ್ತು ನಡೆದು ಬಂದು, ಮೈ ಬೆಚ್ಚಗಾದ ಮೇಲೆ, ರಾತ್ರಿ ಊಟಕ್ಕೆ ಮೊದಲು ಕೂರುತ್ತೇನೆ.

ಮಂಡಿ ನೆಲ ಮುಟ್ಟುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಸೊಂಟದ ಕೀಲಿನ ಗುಳಿಯ ಆಳ, ಅದು ಮುಖ ಮಾಡಿರುವ ದಿಕ್ಕು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಎಷ್ಟು ಅಭ್ಯಾಸ ಮಾಡಿದರೂ ಮುಟ್ಟದೇ ಇರಬಹುದು. ಆದರೆ ಈಗ ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವವರೆಗೂ ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರುತ್ತೇನೆ. ಮುಳ್ಳಯ್ಯನಗಿರಿಯ ಮೆಟ್ಟಿಲು ಇಳಿದ ಮರುದಿನ ಸೊಂಟ ಹಿಡಿದುಕೊಳ್ಳುವುದೂ ಕಡಿಮೆಯಾಗಿದೆ. ಈಚೆಗೆ ಅದೇ ಕಂಬಳಿಯ ಮೇಲೆ ಕಾಲು ಅಗಲಿಸಿ ಕೂರುವ ಉಪವಿಷ್ಟ ಕೋನಾಸನ ಶುರು ಮಾಡಿದ್ದೇನೆ. ಅದರಲ್ಲಿ ಮಂಡಿಚಿಪ್ಪು ಒಳಕ್ಕೆ ಉರುಳದೆ ಸೂರು ನೋಡುತ್ತಿರಬೇಕು. ಸದ್ಯಕ್ಕೆ ಅಷ್ಟನ್ನೇ ಕಲಿಯುತ್ತಿದ್ದೇನೆ.