ಫೋಟೊದಲ್ಲಿ ಕಪ್ಪು ಚುಕ್ಕೆಯೇ? ಸೆನ್ಸರ್ ಧೂಳು ತೆಗೆಯುವುದು ಹೀಗೆ

ಯಾವ ಲೆನ್ಸ್ ಹಾಕಿದರೂ ಫೋಟೊದ ಅದೇ ಜಾಗದಲ್ಲಿ ಮಸುಕು ಚುಕ್ಕೆ ಕಾಣುತ್ತಿದೆಯೆಂದರೆ ಲೆನ್ಸ್ ಒರೆಸಿ ಪ್ರಯೋಜನವಿಲ್ಲ. ಧೂಳು ಕೂತಿರುವುದು ಸೆನ್ಸರ್ ಮೇಲೆ, ಅಂದರೆ ಲೆನ್ಸ್ ಹಿಂದೆ ಚಿತ್ರ ಹಿಡಿಯುವ ಭಾಗದ ಮೇಲೆ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿಯಿರುವ ಕ್ಯಾಮೆರಾದ) ವ್ಯೂಫೈಂಡರ್‌ನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಕಂಡು ಫೋಟೊದಲ್ಲಿ ಕಾಣದ ಚುಕ್ಕೆಯಾದರೆ ಅದರ ಗೊಡವೆಗೇ ಹೋಗಬೇಡಿ. ಅದನ್ನು ತೆಗೆಯಲು ಹೋಗಿ ಒಳಗಿನ ಕನ್ನಡಿ ಒರೆಸುವವರಿದ್ದಾರೆ. ಆ ಕನ್ನಡಿಯ ಲೇಪ ಗಾಜಿನ ಮುಂಬದಿಗೇ ಇರುವುದರಿಂದ ಬಟ್ಟೆ ತಾಗಿದರೂ ಗೀರು ಬೀಳುತ್ತದೆ.

ಮೊದಲು ಪರೀಕ್ಷೆ: ಅಪರ್ಚರ್ ಪ್ರಯಾರಿಟಿ ಮೋಡ್ (ಲೆನ್ಸ್ ರಂಧ್ರದ ಅಳತೆ ನೀವೇ ಇಡುವ ಮೋಡ್), ಎಫ್/16 (ಕಿರಿದಾದ ರಂಧ್ರ), ಕನಿಷ್ಠ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ). ಫೋಕಸ್ ಕೆಡಿಸಿ ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕೈ ಅಲುಗಿದರೂ ಪರವಾಗಿಲ್ಲ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿ. ಎಫ್/22ಕ್ಕೆ ಹೋಗಬೇಡಿ. ಅಲ್ಲಿ ಹೊಸ ಕ್ಯಾಮೆರಾದಲ್ಲೂ ಏನಾದರೊಂದು ಕಾಣುತ್ತದೆ, ಸುಮ್ಮನೆ ತಲೆನೋವು. ಒಂದೆರಡು ಚುಕ್ಕೆಯಷ್ಟೇ ಇದ್ದರೆ ಎಡಿಟಿಂಗ್‌ನಲ್ಲಿ ಅಳಿಸಿಕೊಳ್ಳಿ.

ನಂತರ ಮೆನುವಿನ ಸೆನ್ಸರ್ ಕ್ಲೀನಿಂಗ್ ಒಮ್ಮೆ ಓಡಿಸಿ.

ಹೋಗದಿದ್ದರೆ ಬ್ಲೋವರ್, ಅಂದರೆ ಕೈಯಿಂದ ಒತ್ತಿ ಗಾಳಿ ಬಿಡುವ ಬುರುಡೆ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಡಿಎಸ್‌ಎಲ್‌ಆರ್‌ನಲ್ಲಿ ಸ್ವಚ್ಛತೆಗಾಗಿ ಕನ್ನಡಿ ಎತ್ತುವ ಮೋಡ್ ಆನ್ ಮಾಡಿ. ನಡುವೆ ಚಾರ್ಜ್ ಮುಗಿದರೆ ಕನ್ನಡಿ ಕೆಳಗೆ ಬಿದ್ದು ಒಳಗಿರುವ ಸಾಮಾನಿಗೆ ಬಡಿಯುತ್ತದೆ. ಬ್ಲೋವರ್ ಅನ್ನು ಮೊದಲು ಬೇರೆಡೆಗೆ ಎರಡು ಬಾರಿ ಒತ್ತಿ, ಅದರೊಳಗಿನ ಧೂಳು ಹೋಗಲಿ. ಲೆನ್ಸ್ ಬಿಚ್ಚಿದ ಕ್ಯಾಮೆರಾದ ಬಾಯಿ ನೆಲದ ಕಡೆಗೆ ಮಾಡಿ, ಮೂತಿ ಒಳಗೆ ತೂರಿಸದೆ ಏಳೆಂಟು ಸಲ ಗಾಳಿ ಬಿಡಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡವೇ ಬೇಡ. ಅದರ ಅನಿಲ ದ್ರವವಾಗಿ ಚಿಮ್ಮಿದರೆ ಹೊಸ ಕಲೆ ಬೀಳುತ್ತದೆ. ಬಾಯಿಯಿಂದ ಊದಿದರೆ ಎಂಜಲಿನ ಹನಿ.

ಇಷ್ಟಾದರೂ ಉಳಿದಿದ್ದರೆ, ಅದರಲ್ಲೂ ಚುಕ್ಕೆ ದುಂಡಗಿದ್ದು ಸುತ್ತ ತಿಳಿಯಾದ ಬಳೆ ಇದ್ದರೆ, ಎಣ್ಣೆಯ ಹನಿ ಇರಬಹುದು. ಗಾಳಿಗೆ ಅದು ಬಗ್ಗುವುದಿಲ್ಲ, ಒದ್ದೆ ಸ್ವಾಬ್ (ಸೆನ್ಸರ್ ಒರೆಸುವ ಚಪ್ಪಟೆ ತುದಿಯ ಕಡ್ಡಿ) ಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ಸ್ವಾಬ್ ನಿಮ್ಮ ಸೆನ್ಸರ್‌ನ ಅಳತೆಯದೇ ಆಗಿರಬೇಕು: ಫುಲ್ ಫ್ರೇಮ್‌ಗೆ (ದೊಡ್ಡ ಸೆನ್ಸರ್) 24 ಮಿ.ಮೀ., ಎಪಿಎಸ್-ಸಿಗೆ (ಅದಕ್ಕಿಂತ ಚಿಕ್ಕದು) 16 ಮಿ.ಮೀ. ಕಿವಿ ಶುಚಿಗೊಳಿಸುವ ಹತ್ತಿ ಕಡ್ಡಿ ನಾರು ಬಿಡುತ್ತದೆ, ಅದನ್ನು ದೂರ ಇಡಿ. ಸೆನ್ಸರ್‌ಗೆಂದೇ ಮಾರುವ ದ್ರವವನ್ನು ಸ್ವಾಬಿನ ಅಂಚಿಗೆ ಎರಡೇ ಹನಿ ಹಾಕಿ, ಹತ್ತು ಸೆಕೆಂಡ್ ಹೀರಲು ಬಿಡಿ. ಸೆನ್ಸರ್ ಮೇಲೆ ನೇರವಾಗಿ ಹನಿಸಬಾರದು. ನೀವು ಮುಟ್ಟುವುದು ಸೆನ್ಸರ್ ಅನ್ನಲ್ಲ, ಅದರ ಮೇಲಿನ ಫಿಲ್ಟರ್ ಗಾಜನ್ನು. ಹಾಗಂತ ಒತ್ತಿ ಉಜ್ಜುವಂತಿಲ್ಲ. ಮುಂದಿನ ತುದಿ ತುಸು ಬಾಗುವಷ್ಟು ಒತ್ತಡ ಸಾಕು. ಒಂದು ಅಂಚಿನಿಂದ ಇನ್ನೊಂದಕ್ಕೆ ನಿಲ್ಲಿಸದೆ ಒಂದೇ ಎಳೆತ. ಕೈ ಎತ್ತಿ, ಸ್ವಾಬ್ ತಿರುಗಿಸಿ, ಇನ್ನೊಂದು ಮುಖದಿಂದ ವಾಪಸ್ ಒಂದೆಳೆತ. ಮುಗಿಯಿತು, ಸ್ವಾಬ್ ಬಿಸಾಡಿ. ದುಬಾರಿಯೆಂದು ಅದನ್ನೇ ಮತ್ತೆ ಬಳಸಿದರೆ ಅದರಲ್ಲಿ ಹತ್ತಿದ ಮರಳ ಕಣವೇ ಗಾಜು ಗೀರುತ್ತದೆ. ಗಾಳಿ ಊದುವ ಮುನ್ನ ಸ್ವಾಬ್ ಎಳೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಕೆಲವು ಆಫ್ ಮಾಡಿದಾಗ ಶಟರ್ ಪರದೆ ಮುಚ್ಚುತ್ತವೆ. ಪರದೆ ತೀರಾ ತೆಳು, ಅದಕ್ಕೆ ಸ್ವಾಬ್ ತಾಗಿಸಬೇಡಿ. ಮೊದಲು ಸೆನ್ಸರ್ ಕಾಣುತ್ತಿದೆಯೇ ನೋಡಿಕೊಳ್ಳಿ.

ಮತ್ತೆ ಎಫ್/16 ಪರೀಕ್ಷೆ ಮಾಡಿ. ಚುಕ್ಕೆ ಇನ್ನೂ ಉಳಿದಿದ್ದರೆ ನೆನಪಿಡಿ: ಫೋಟೊದ ಮೇಲ್ಭಾಗದ ಚುಕ್ಕೆ ಸೆನ್ಸರ್‌ನ ಕೆಳಭಾಗದಲ್ಲಿರುತ್ತದೆ. ಎದುರಿನಿಂದ ನೋಡುವಾಗ ಎಡ-ಬಲ ಬದಲಾಗುವುದಿಲ್ಲ. ಅಂಚಿನಲ್ಲಿ ಗೆರೆ ಗೆರೆಯಾಗಿ ಒಣಗಿದ್ದರೆ ದ್ರವ ಹೆಚ್ಚಾಗಿದೆ ಎಂದರ್ಥ, ಹೊಸ ಸ್ವಾಬಿಗೆ ಒಂದೇ ಹನಿ ಹಾಕಿ ಇನ್ನೊಮ್ಮೆ ಎಳೆಯಿರಿ. ಮೂರು ಸ್ವಾಬಿಗೂ ಜಗ್ಗದ ಗುರುತು ಧೂಳಲ್ಲ, ಗೀರು ಇರಬಹುದು. ಅದನ್ನು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.