ನೂರು ಹುಣಸೆ ಬೀಜ, ಒಂದು ಮೊರ

"ಇಷ್ಟು ಚಿಕ್ಕ ಮಕ್ಕಳಿಗೆ ಬೈಬಲ್ ಕಥೆ ಈಗಲೇ ಏನು ತಿಳಿಯುತ್ತೆ? ಮುಂದೆ ಚರ್ಚಿನ ಸಂಡೇ ಸ್ಕೂಲಲ್ಲಿ ಕಲಿತಾರೆ ಬಿಡಮ್ಮ" ಅಂದಿದ್ದರು ಅತ್ತೆ. ಮನೆಯವರೂ ಅದನ್ನೇ ಅಂದರು. ಹೋದ ಭಾನುವಾರ 4 ವರ್ಷದ ಮಗಳು ಅಜ್ಜಿಯ ತೊಡೆ ಮೇಲೆ ಕೂತು, ಕಳೆದುಹೋದ ಕುರಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ತಾನೇ ಹೇಳಿದಳು. ಅದಕ್ಕೇ ಇದನ್ನು ಬರೀತಿದ್ದೇನೆ.

ನಾವಿರುವುದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ. ಮಗನಿಗೆ 6 ವರ್ಷ. ಮನೆಯಲ್ಲೇ ಕಥೆ ಕಲಿಸುವುದು ಕೈಗೂಡಲು ಒಂದೂವರೆ ವರ್ಷ ಹಿಡಿಯಿತು, ದುಡ್ಡೂ ಹೋಯಿತು. ಬಣ್ಣದ ಚಿತ್ರಗಳ ಬೈಬಲ್‌ಗೆ 600 ರೂಪಾಯಿ ಆಗಿರಬೇಕು. ಎರಡನೇ ವಾರಕ್ಕೆ ಅದರ ತುಂಬಾ ಪೆನ್ಸಿಲ್ ಗೀಚು. ಕಥೆಯ ಚಿತ್ರ ಅಂಟಿಸಿ ತೋರಿಸುವ ಬಟ್ಟೆಯ ಹಲಗೆ, ಅಂದರೆ ಫ್ಲಾನೆಲ್ ಬೋರ್ಡ್‌ಗೆ ಇನ್ನೊಂದು 300. ಮೂವತ್ತು ಮಕ್ಕಳ ಕ್ಲಾಸಿಗೆ ಅದು ಚೆನ್ನ, ಮನೆಯಲ್ಲಿ ಇಬ್ಬರೂ ಚಿತ್ರಕ್ಕಾಗಿ ಕಿತ್ತಾಡಿದರು. ವಾಕ್ಯ ಬಾಯಿಪಾಠ ಮಾಡಿದರೆ ಚಾಕೊಲೇಟ್ ಅಂದೆ. ಚಾಕೊಲೇಟ್ ನಿಲ್ಲಿಸಿದ ದಿನ ವಾಕ್ಯವೂ ನಿಂತಿತು. ಮೊಬೈಲಲ್ಲಿ ಕಾರ್ಟೂನ್ ಹಾಕಿದರೆ ಅಲುಗಾಡದೆ ಕೂತರು. ಏನು ನೋಡಿದ್ರಿ ಅಂದರೆ, "ಇನ್ನೊಂದು ಹಾಕಮ್ಮ" ಅಂದರು, ಅಷ್ಟೇ.

ದೊಡ್ಡ ತಪ್ಪು ಮಾಡಿದ್ದು ಶುಭ ಶುಕ್ರವಾರದ ಹಿಂದಿನ ರಾತ್ರಿ. ಯೇಸುಸ್ವಾಮಿಯನ್ನು ಶಿಲುಬೆಗೆ ಏರಿಸಿದ್ದು, ಮೊಳೆ, ರಕ್ತ ಎಲ್ಲಾ ಬಿಡಿಸಿ ಹೇಳಿಬಿಟ್ಟೆ. ಮಗ ನಡುರಾತ್ರಿ ಎದ್ದು ತನ್ನ ಅಂಗೈ ನೋಡಿಕೊಂಡು ಅತ್ತ. ಒಂದು ವಾರ ನನ್ನ ಸೆರಗು ಹಿಡಿದೇ ಮಲಗಿದ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಈ ವಯಸ್ಸಿಗೆ ಯೇಸುಸ್ವಾಮಿ ಸತ್ತರು, ಮೂರನೇ ದಿನ ಎದ್ದರು, ತೋಟದಲ್ಲಿ ಅಳುತ್ತಿದ್ದ ಮಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆದರು ಅಂತ ಹೇಳಿದರೆ ಸಾಕು.

ಇನ್ನೊಂದು ತೊಡಕು ಭಾಷೆ. ಸತ್ಯವೇದದಿಂದ, ಅಂದರೆ ಕನ್ನಡ ಬೈಬಲ್‌ನಿಂದ, ನೇರವಾಗಿ ಓದಿದರೆ ಮಗಳು ಆಕಳಿಸುತ್ತಿದ್ದಳು. ಮನೆ ಮಾತಲ್ಲಿ ಹೇಳಲು ಶುರು ಮಾಡಿದಾಗ ಅತ್ತೆಗೆ ಬೇಸರ. "ದೇವರ ಮಾತನ್ನು ಹಂಗೆಲ್ಲಾ ಬದಲಾಯಿಸಬಾರದಮ್ಮ." ನಾನು ಮಿಷನರಿ ಜಾನ್ ಹ್ಯಾಂಡ್ಸ್ ಅವರನ್ನು ನೆನಪಿಸಿದೆ. ಅವರು 1810ರಲ್ಲಿ ನಮ್ಮ ಬಳ್ಳಾರಿಗೇ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದವರು. ಇಲ್ಲಿನ ಜನಕ್ಕೆ ಅರ್ಥವಾಗಲಿ ಅಂತಲೇ ಅಲ್ವಾ ಅಷ್ಟು ಕಷ್ಟಪಟ್ಟಿದ್ದು? ಅತ್ತೆ ಸುಮ್ಮನಾದರು. ಒಪ್ಪಿದರು ಅಂತಲ್ಲ.

ಕೊನೆಗೆ ಕೈಹಿಡಿದ ದಾರಿ ಇದು. ವಾರಕ್ಕೆ ಒಂದೇ ಕಥೆ, ಏಳು ರಾತ್ರಿಯೂ ಅದೇ. ಊಟಕ್ಕೆ ಮುಂಚೆ ಹತ್ತು ನಿಮಿಷ. ಜೊತೆಗೆ ಮನೆಯಲ್ಲೇ ಇರುವ ಒಂದು ವಸ್ತು. ನೋಹನ ನಾವೆಗೆ ಅಂತ ಕಿನ್ನಾಳದ ಮರದ ಗೊಂಬೆ ತಂದಿದ್ದೆ, 1,000 ದಾಟಿತ್ತು. ಆನೆಯ ಸೊಂಡಿಲು ಮುರಿದ ಮೇಲೆ ಅವು ಶೋಕೇಸ್ ಸೇರಿದವು. ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸುವಾಗ ಸಿಗುವ ಬೀಜಕ್ಕೆ ಖರ್ಚೇ ಇಲ್ಲ. ಕಳೆದುಹೋದ ಕುರಿಯ ಕಥೆಗೆ ಎಣಿಸಿ ನೂರು ಬೀಜ ಮೊರದಲ್ಲಿ ಹಾಕಿದೆ, ಅದೇ ಕುರಿಮಂದೆ. ಅದರಲ್ಲಿ ಒಂದನ್ನು ಬಚ್ಚಿಡುತ್ತೇನೆ. ಮಕ್ಕಳು ಹತ್ತು ಹತ್ತಾಗಿ ಗುಡ್ಡೆ ಮಾಡಿ ಎಣಿಸುತ್ತಾರೆ. ಕೊನೆಯ ಗುಡ್ಡೆಯಲ್ಲಿ ಒಂಬತ್ತೇ! ಟಾರ್ಚ್ ಹಿಡಿದು ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ ಹುಡುಕಾಟ. ಮೊದಲ ಸಲ ಸಿಕ್ಕಿದ್ದು ಮಗಳಿಗೆ. ಕುರುಬ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ ಅಂತ ಹೇಳಿದ್ದೆನಲ್ಲ, ಅವಳೂ ಆ ಬೀಜವನ್ನು ಹೆಗಲ ಮೇಲಿಟ್ಟುಕೊಂಡು, ಬೀಳದ ಹಾಗೆ ಕತ್ತು ವಾಲಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಮೊರದ ತನಕ ಬಂದಳು. ನನ್ನ ಕಣ್ಣು ತುಂಬಿ ಬಂತು. ಬೀಜ ಬೇಗ ಸಿಗಬಾರದು, ಸಿಗದೆ ಅಳಲೂಬಾರದು. ಅದಕ್ಕೆ ನನ್ನದೊಂದು ಉಪಾಯವಿದೆ, ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಮುಂದೆ ಊರಿಗೆ ಹೋದಾಗ ಹೊಲದಲ್ಲಿ ಕುರಿ ತರುಬಿದ್ದರು. ಮಗ ಸೀದಾ ಕುರಿಗಾರರ ಹತ್ತಿರ ಹೋಗಿ, "ಒಂದು ಕಳೆದ್ರೆ ಹುಡುಕ್ತೀರಾ ಅಜ್ಜ?" ಅಂತ ಕೇಳಿದ. "ಹುಡುಕದೆ ಬಿಡ್ತೀವೇನಪ್ಪಾ, ರಾತ್ರಿಯೆಲ್ಲಾ ಹುಡುಕ್ತೀವಿ" ಅಂದರು ಆ ಅಜ್ಜ. ನಾನು ಏಳು ರಾತ್ರಿ ಹೇಳಿದ್ದು ಆ ಒಂದು ಮಾತಿನಲ್ಲಿ ಗಟ್ಟಿಯಾಯಿತು.

ಬೀಜ ದಾರಿ, ಬಂಡೆ, ಮುಳ್ಳು, ಒಳ್ಳೆ ನೆಲ ಅಂತ ಬೇರೆಬೇರೆ ಕಡೆ ಬಿತ್ತು ಅಂತ ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯಕ್ಕೆ ಮಾಳಿಗೆ ಮೇಲೆ ಜೋಳ ಹಾಕಿ ನೋಡಿದೆವು. ಬರೀ ನೆಲಕ್ಕೆ ಚೆಲ್ಲಿದ್ದನ್ನು ಬೆಳಗಾಗುವುದರೊಳಗೆ ಪಾರಿವಾಳ ತಿಂದಿದ್ದವು. ಕಲ್ಲಿನ ಮೇಲೆ ತೆಳುವಾಗಿ ಹರಡಿದ ಮಣ್ಣಿನ ಮೊಳಕೆ ನಮ್ಮ ಏಪ್ರಿಲ್ ಬಿಸಿಲಿಗೆ ಎರಡೇ ದಿನಕ್ಕೆ ಸುಟ್ಟುಹೋಯಿತು. ಆದರೆ ಒಣ ಜಾಲಿಮುಳ್ಳು ಚುಚ್ಚಿಟ್ಟ ಕುಂಡದಲ್ಲಿ ಜೋಳ ಚೆನ್ನಾಗಿ ಎದ್ದಿತು! "ಮುಳ್ಳಲ್ಲೂ ಬೆಳೀತಲ್ಲಮ್ಮ?" ಅಂದ ಮಗ. ಓದಿ ನೋಡಿದರೆ, ಮುಳ್ಳುಗಿಡಗಳು ಬೆಳೆದು ಅಡಗಿಸಿದವು ಅಂತಿದೆ. ಜೀವ ಇರುವ ಕಳೆ ಬೇಕು. ಎರಡನೇ ಸಲ ಗರಿಕೆ ತುಂಬಿದ ಕುಂಡದಲ್ಲಿ ಹಾಕಿದೆವು, ಜೋಳ ಸೊರಗಿತು. ದಾವೀದನ ಕವಣೆಗೆ ಮಾತ್ರ ಕಲ್ಲು ಕೊಡಬೇಡಿ, ಕಾಗದದ ಉಂಡೆ ಕೊಡಿ. ಪಕ್ಕದ ಮನೆಯ ಕಿಟಕಿ ಗಾಜಿಗೆ 350 ಕೊಟ್ಟು ಕಲಿತ ಪಾಠ.

ಇಲ್ಲಿಯವರೆಗೆ ಸುಮಾರು 20 ಕಥೆ ಆಗಿವೆ. ಹದಿನಾಲ್ಕನ್ನು ಮಕ್ಕಳೇ ಹೇಳುತ್ತಾರೆ. ಸಂಡೇ ಸ್ಕೂಲಲ್ಲಿ ದೊಡ್ಡ ಮಕ್ಕಳಿಗಿಂತ ಮೊದಲು ಕೈ ಎತ್ತುವುದು ನನ್ನ ಮಗನೇ.

ಈ ವಾರ ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನಲ್ಲಿ ಜನರಿಗೆಲ್ಲಾ ಉಣಿಸಿದ ಕಥೆ. ಯೋಹಾನನ ಸುವಾರ್ತೆಯಲ್ಲಿ ಅವು ಜವೆಗೋಧಿ ರೊಟ್ಟಿ, ನಮ್ಮಲ್ಲಿ ಜೋಳದವು. ನಿನ್ನೆ ಸಂಜೆ ನಾನು ಹಿಟ್ಟಿನ ಡಬ್ಬ ತೆಗೆಯಲು ಹೋದರೆ, ಅತ್ತೆ ಆಗಲೇ ಅಂಗೈಯಗಲದ ಐದು ರೊಟ್ಟಿ ಬಡಿದು ಬುಟ್ಟಿಯಲ್ಲಿ ಇಟ್ಟಿದ್ದರು.